ಟೈಪಿಸ್ಟಮ್ಮನ ಕಸದ ಡಬ್ಬ

ಬೀಗದಣ್ಣ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಬೀದಿಯ ಮೂಲೆಯಲ್ಲಿ, ಕೂತಲ್ಲಿಂದಲೇ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿಯಲ್ಲಿ, ಮೂವತ್ತು ವರ್ಷ ಕೀಲಿ ಉಜ್ಜಿ ಸಂಸಾರ ಸಾಗಿಸಿದವನು. ಆ ಬೀದಿಯ ಅಷ್ಟೂ ಮನೆಗಳ ಬೀಗ ಕೂರಿಸಿದ್ದು ಅವನೇ. ಮನಸ್ಸು ಮಾಡಿದ್ದರೆ ಯಾರ ಬಾಗಿಲನ್ನಾದರೂ ತೆಗೆಯಬಲ್ಲವನಾಗಿದ್ದ. ಒಂದು ದಿನವೂ ಹಾಗೆ ಮನಸ್ಸು ಮಾಡಲಿಲ್ಲ. ಆ ಹೆಮ್ಮೆ ಅವನಿಗೆ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು.

ಐವತ್ತು ದಾಟಿದ ಮೇಲೆ ಅವನಿಗೊಂದು ನಾಯಿ ಗಂಟುಬಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಮಲಗಿದ ಮರಿ ಓಡಿಸಿದರೂ ಹೋಗಲಿಲ್ಲ, ಕೊನೆಗೆ ಚಿಲಕ ಎಂದು ಹೆಸರಿಟ್ಟು ಮನೆಗೆ ತಂದ. ಹೆಂಡತಿ ಒಂದೇ ಷರತ್ತು ಹಾಕಿದಳು: ನಾಯಿ ಮನೆಯೊಳಗೆ ಬರಲಿ, ಅದರ ಗಲೀಜು ಮಾತ್ರ ತನ್ನ ಡಬ್ಬಕ್ಕೆ ಬೀಳಕೂಡದು. ಕಸದ ಗಾಡಿ ಬರುವುದು ವಾರಕ್ಕೊಮ್ಮೆ, ಮಂಗಳವಾರ ಮಧ್ಯಾಹ್ನ. ಡಬ್ಬ ಇರುವುದು ಅಡುಗೆಮನೆ ಕಿಟಕಿಯ ಕೆಳಗೆ. ಏಳು ದಿನದ ವಾಸನೆ ಕುಡಿಯುತ್ತ ಒಲೆಯ ಮುಂದೆ ನಿಲ್ಲಲು ತನ್ನಿಂದಾಗದು ಎಂದಳು. ನ್ಯಾಯವಾದ ಮಾತೇ.

ಆದರೆ ಬೀದಿಯ ಕಟ್ಟುಪಾಡು ಬೇರೆಯಿತ್ತು. "ನಿಮ್ಮ ನಾಯಿಯ ಗಲೀಜು ನೀವೇ ಎತ್ತಿ, ನಿಮ್ಮ ಡಬ್ಬಕ್ಕೇ ಹಾಕಿ" ಎಂದು ತಿರುವಿನಲ್ಲೊಂದು ಬೋರ್ಡು ನಿಂತಿದೆ. ಅಕ್ಷರ ದುಂಡಗಿದೆ, ಬಣ್ಣ ಇನ್ನೂ ಮಾಸಿಲ್ಲ. ಬರೆದವನು ಬೀಗದಣ್ಣ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗೆ ದಿನಾ ಬೆಳಿಗ್ಗೆ ಆರು ಗಂಟೆಗೆ ಅದೇ ಬೋರ್ಡಿನ ಮುಂದೆ ಹಾದು, ಚೀಲದ ಕತ್ತಿಗೆ ತಾಮ್ರದ ತಂತಿಯ ತುಂಡು ಸುತ್ತಿ, ಟೈಪಿಸ್ಟಮ್ಮನ ಡಬ್ಬಕ್ಕೆ ಹಾಕಿ ಬರುತ್ತಿದ್ದ. ಎಂಟು ತಿಂಗಳು ಹೀಗೇ ನಡೆಯಿತು.

ಟೈಪಿಸ್ಟಮ್ಮ ಒಂಟಿ. ಯಾವುದೋ ಕಚೇರಿಯಲ್ಲಿ ಟೈಪು ಕುಟ್ಟಿ ಕುಟ್ಟಿ ನಿವೃತ್ತಳಾದಾಕೆ. ಬೀದಿಯಲ್ಲಿ ಯಾರೊಂದಿಗೂ ಮಾತಿಲ್ಲ, ಜಗಳವೂ ಇಲ್ಲ. ಯಾವುದಾದರೂ ನಾಯಿ ಆಕೆಯ ಗೋಡೆಗೆ ಕಾಲೆತ್ತಿದರೆ ಬಾಯಿ ಬಿಡದೆ ಒಳಗಿನಿಂದ ಚಮಚದಲ್ಲಿ ಕಿಟಕಿಯ ಗಾಜು ತಟ್ಟುತ್ತಿದ್ದಳು. ಟಕ್ ಟಕ್ ಟಕ್. ಬೈಗುಳವಾದರೂ ವಾಸಿ, ಆ ಸದ್ದು ಬೆನ್ನಿಗೆ ಅಂಟಿಕೊಂಡು ಮನೆತನಕ ಬರುತ್ತಿತ್ತು. ನಾಯಿ ಸಾಕಿದವರೆಲ್ಲ ಅದು ಕೇಳಿದ ಕೂಡಲೇ ಹಗ್ಗ ಎಳೆದು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಅಂಥವಳ ಡಬ್ಬಕ್ಕೆ ಕೈಹಾಕುವ ಧೈರ್ಯ ಯಾರಿಗಿದೆ ಎಂದು ಬೀದಿ ತಿಳಿದಿತ್ತು. ಬೀಗದಣ್ಣ ಆರಿಸಿಕೊಂಡದ್ದೂ ಅದಕ್ಕೇ. ಡಬ್ಬ ಇದ್ದದ್ದು ಗೇಟಿನ ಒಳಗೆ, ಅಡುಗೆಮನೆಯ ಗೋಡೆಗೆ ಒತ್ತಿಕೊಂಡು. ಕಿಟಕಿಯಿಂದ ಆ ಮೂಲೆ ಕಾಣುವುದಿಲ್ಲ.

ಒಂದು ಬುಧವಾರ ಅವನು ಮುಚ್ಚಳ ಎತ್ತಿದಾಗ ಸದ್ದು ಬಂತು. ಟಕ್ ಟಕ್ ಟಕ್. ಗಾಜಿನ ಸದ್ದಲ್ಲ. ಗೋಡೆಯಿಂದ ಬಂದದ್ದು, ಅದೂ ಕೆಳಗಿನಿಂದ, ಅವನ ಮೊಣಕಾಲಿನ ಎತ್ತರದಿಂದ.

ಎಂಟು ತಿಂಗಳ ಕಳ್ಳತನ ಬಯಲಾಯಿತು, ಹಿಡಿಯಲೆಂದೇ ಮುದುಕಿ ಗೋಡೆಯ ಆಚೆ ಬಗ್ಗಿ ಕೂತಿದ್ದಾಳೆ ಎಂದುಕೊಂಡ. ಚೀಲ ಒಳಗೆ ಬಿಟ್ಟು, ಮುಚ್ಚಳವನ್ನು ಮಲಗಿದ ಮಗುವಿಗೆ ಹೊದಿಕೆ ಹೊದಿಸಿದ ಹಾಗೆ ಇಳಿಸಿ, ತುದಿಗಾಲಲ್ಲಿ ಗೇಟು ದಾಟಿದ. ಹೊರಡುವಾಗ ಮುಂಬಾಗಿಲ ದೀಪ ಬೆಳಕು ಹರಿದರೂ ಉರಿಯುತ್ತಿದ್ದುದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಗುರುವಾರ ಬೇರೆ ಕಡೆ ಹಾಕೋಣವೆಂದು ಬೀದಿಯುದ್ದಕ್ಕೂ ಚೀಲ ಹಿಡಿದು ನಡೆದ. ಪ್ರತಿ ಮನೆಯ ಮುಂದೂ ಯಾರೋ ಒಬ್ಬರು ಎದ್ದಿದ್ದರು. ಕೊನೆಗೆ ಬಂದು ನಿಂತದ್ದು ಅದೇ ಡಬ್ಬದ ಮುಂದೆ. ಮುಚ್ಚಳ ಎತ್ತಿದ ತಕ್ಷಣ ಗೋಡೆ ತಟ್ಟಿತು, ಜೊತೆಗೆ ಒಂದು ದನಿಯೂ ಬಂತು, ಬಾವಿಯ ತಳದಿಂದ ಬಂದ ಹಾಗೆ: "ಯಾರದು?"

ಹೆಸರು ಹೇಳಲು ಅವನಿಗೇನು ಹುಚ್ಚೇ? ಚೀಲ ಬಿಟ್ಟು ಮುಚ್ಚಳ ಮೆಲ್ಲಗೆ ಇಳಿಸಿದ. ಚಿಲಕ ಮಾತ್ರ ಗೋಡೆಗೆ ಮುಖ ಮಾಡಿ ಕೂತುಬಿಟ್ಟಿತು, ಬಾಲ ಆಡಿಸಲಿಲ್ಲ, ಬೊಗಳಲೂ ಇಲ್ಲ. ಹಗ್ಗ ಜಗ್ಗಿದರೂ ಏಳದೆ ಇದ್ದುದಕ್ಕೆ ಅದನ್ನು ಎತ್ತಿಕೊಂಡೇ ಓಡಬೇಕಾಯಿತು. ಶುಕ್ರವಾರ ಸದ್ದು ಒಮ್ಮೆ ಬಂತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ. ಆ ಎರಡರ ನಡುವೆ ಅವನು ಗೇಟಿನ ಹತ್ತಿರ ಬಂದಾಗಿತ್ತು, ತಿರುಗಿ ನೋಡಲಿಲ್ಲ. ಆಚೆ ಔಷಧಿ ಅಂಗಡಿಯವನು ತನ್ನ ನಾಯಿಯನ್ನು ಎಳೆದುಕೊಂಡು, "ಏನಣ್ಣ, ಇವತ್ತು ಇಷ್ಟು ಬೇಗ ಶುರು ಮಾಡಿದ್ದಾರೆ" ಎಂದು ನಕ್ಕು ದಾಟಿಹೋದ. ಕೇಳಿಸಿಕೊಂಡವನು ಬೀಗದಣ್ಣನೊಬ್ಬನೇ ಅಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಈಗ ಬೀದಿಯಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ.

ಶನಿವಾರ ಗೋಡೆ ಸುಮ್ಮನಿತ್ತು. ಸದ್ಯ, ಸೋತಳು ಎಂದು ಅವನಿಗೆ ಹಾಯೆನಿಸಿತು. ಚೀಲ ಬಿಟ್ಟ. ಅದು ಡಬ್ಬದ ತಳಕ್ಕೆ ಧಪ್ಪೆಂದು ಬಿತ್ತು.

ಶನಿವಾರದ ಹೊತ್ತಿಗೆ ಡಬ್ಬ ಅರ್ಧ ತುಂಬಿರಬೇಕು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವನು ಬಗ್ಗಿ ಒಳಗೆ ನೋಡಿದ. ನಾಲ್ಕು ಚೀಲಗಳಿದ್ದವು. ನಾಲ್ಕರ ಕತ್ತಿಗೂ ತಾಮ್ರದ ತಂತಿ. ಒಂದು ಮೊಟ್ಟೆಯ ಸಿಪ್ಪೆಯಿಲ್ಲ, ದಿನಕ್ಕೆ ಎರಡು ಸಲ ಆಕೆ ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದ ಚಹಾದ ಚರಟವಿಲ್ಲ. ಮಂಗಳವಾರ ಗಾಡಿ ಹೋದ ಮೇಲೆ ಆ ಮನೆಯಿಂದ ಒಂದು ಕಡ್ಡಿಯೂ ಹೊರಗೆ ಬಂದಿರಲಿಲ್ಲ. ಅವನು ಬಾಗಿಲ ಗಂಟೆ ಒತ್ತಿದ. ಗೋಡೆಗೆ ಕಿವಿ ಕೊಟ್ಟ. ಏನೂ ಕೇಳಲಿಲ್ಲ.

ಆಗಲೇ ಕೂಗಿ ಬೀದಿಯನ್ನು ಎಬ್ಬಿಸಬೇಕಿತ್ತು. ಆದರೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ? ಬೇರೆಯವರ ಡಬ್ಬದಲ್ಲಿ ನಿನಗೇನು ಕೆಲಸ ಎಂದರೆ? ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಅವನಾಗಲೇ ಹೆಗಲು ಮುಟ್ಟಿ ನೋಡಿಕೊಂಡ. ಅಂಗಡಿಗೆ ಹೋದ. ಯಾರದೋ ಸೂಟ್‌ಕೇಸಿನ ಬೀಗ ಬಿಚ್ಚಿಟ್ಟುಕೊಂಡು ಕೂತ. ಸ್ಪ್ರಿಂಗು ಮೂರು ಸಲ ಕೈಯಿಂದ ಹಾರಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಸ್ಥಿತಿ. ಹೀಗೆ ಎರಡು ಗಂಟೆ ಕಳೆಯಿತು. ಆ ಎರಡು ಗಂಟೆಯ ವಿಷಯವನ್ನು ಹೆಂಡತಿಗೂ ಹೇಳಿಲ್ಲ.

ಕೊನೆಗೆ ಸಾಮಾನಿನ ಚೀಲ ಎತ್ತಿಕೊಂಡು ನಡೆದ, ಔಷಧಿ ಅಂಗಡಿಯವನನ್ನು ಜೊತೆಗೆ ಕರೆದ. ಬಾಗಿಲಿಗಿದ್ದದ್ದು ಅವನೇ ಕೂರಿಸಿದ ಬೀಗ. ಕಳ್ಳನಪ್ಪ ಬಂದರೂ ತೆಗೆಯಲಾಗದು ಎಂದು ಅವನೇ ಹೇಳಿದ್ದ. ತನ್ನ ಕೆಲಸವನ್ನು ತಾನೇ ಕೆಡವಲು ಕಾಲು ಗಂಟೆ ಹಿಡಿಯಿತು, ಬೆವರು ಕಣ್ಣಿಗಿಳಿಯಿತು.

ಟೈಪಿಸ್ಟಮ್ಮ ಅಡುಗೆಮನೆಯ ನೆಲದ ಮೇಲಿದ್ದಳು. ಮಂಗಳವಾರ ಸಂಜೆ ಸ್ಟೂಲಿನಿಂದ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಕೈಗೆಟುಕಿದ ಬಕೆಟ್ಟಿನ ನೀರಿನಲ್ಲಿ ಬಟ್ಟೆ ಅದ್ದಿ ಹೀರುತ್ತ ಉಳಿದಿದ್ದಳು. ಬಲಗೈಯಲ್ಲಿ ಚಮಚ ಇನ್ನೂ ಇತ್ತು. ಪಕ್ಕದ ಗೋಡೆಯಲ್ಲಿ ಅಂಗೈಯಗಲ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು, ಬೀಗದಣ್ಣನ ಮೊಣಕಾಲಿನ ಎತ್ತರದಲ್ಲಿ. ಔಷಧಿ ಅಂಗಡಿಯವನು ಆಂಬುಲೆನ್ಸಿಗೆ ಫೋನು ಮಾಡಲು ಹೊರಗೆ ಓಡಿದ. ಇವನು ನೀರು ಹಿಡಿದು ಬಗ್ಗಿದ.

ಆಕೆ ಕಣ್ಣು ತೆರೆದು ಅವನನ್ನು, ಸಾಮಾನಿನ ಚೀಲದಿಂದ ಇಣುಕುತ್ತಿದ್ದ ತಾಮ್ರದ ತಂತಿಯನ್ನು ಗುರುತು ಹಿಡಿದಳು. "ದಿನಾ ಬರ್ತಿದ್ರಿ" ಅಂದಳು. ದನಿ ಕಾಗದ ಹರಿದ ಹಾಗಿತ್ತು. "ಮುಚ್ಚಳ ಮೆಲ್ಲಗೆ ಹಾಕಿ ಹೋಗ್ತಿದ್ರಿ."

ಆಕೆ ಬದುಕಿದಳು. ಹೇಗೆ ಗೊತ್ತಾಯಿತು ಎಂದು ಬೀದಿಯವರು ಕೇಳಿದಾಗ ನಾಯಿ ಆ ಗೋಡೆಯ ಮುಂದೆ ಕೂತು ಏಳಲಿಲ್ಲ ಎಂದುಬಿಟ್ಟ, ಸುಳ್ಳೇನಲ್ಲ. ಚಿಲಕನ ಫೋಟೋ ತೆಗೆದರು, ಬಿಸ್ಕತ್ತಿನ ಪೊಟ್ಟಣ ತಂದು ಸುರಿದರು. ಬೋರ್ಡಿನ ಕೆಳಗೇ ನಿಲ್ಲಿಸಿ ಬೀಗದಣ್ಣನಿಗೆ ಚಪ್ಪಾಳೆ ಹೊಡೆದರು. ಅವನು ತಲೆ ತಗ್ಗಿಸಿದ್ದನ್ನು ವಿನಯ ಅಂದುಕೊಂಡರು.

ಎರಡೂವರೆ ತಿಂಗಳು ಆ ಮನೆಗೆ ಬೀಗ, ಬೀಗದಣ್ಣನೇ ಮತ್ತೆ ಕೂರಿಸಿದ ಹೊಸ ಬೀಗ. ಬೀಗದಣ್ಣ ಚೀಲವನ್ನು ಮಾರುಕಟ್ಟೆಯ ದೊಡ್ಡ ತೊಟ್ಟಿತನಕ ಹೊತ್ತು ಹಾಕುತ್ತಿದ್ದ. ಆದರೂ ಆ ಗೇಟಿನ ಮುಂದೆ ಹಾಯುವಾಗ ಖಾಲಿ ಮನೆಯ ಗೋಡೆ ತಟ್ಟುತ್ತಿತ್ತು, ಕೆಳಗಿನಿಂದ. ಚಿಲಕ ನಿಂತು ಕಿವಿ ನೆಟ್ಟಗೆ ಮಾಡುತ್ತಿತ್ತು. ತನಗೊಬ್ಬನಿಗೇ ಕೇಳಿದ್ದರೆ ಮನಸ್ಸಿನ ಭ್ರಮೆ ಎನ್ನಬಹುದಿತ್ತು.

ಆಸ್ಪತ್ರೆಯಿಂದ ತಂಗಿಯ ಮನೆಗೆ ಹೋಗಿದ್ದ ಟೈಪಿಸ್ಟಮ್ಮ ಊರುಗೋಲು ಹಿಡಿದು ಹಿಂದಿರುಗಿದಳು. ಮರುದಿನ ಬೆಳಿಗ್ಗೆ ಆರಕ್ಕೆ ಗಾಜು ಸದ್ದು ಮಾಡಿತು. ಟಕ್ ಟಕ್ ಟಕ್. ಮುಂದಿದ್ದವರು ನಾಯಿಗಳನ್ನು ಎಳೆದುಕೊಂಡು ಸರಸರನೆ ನಡೆದರು. ಬೀಗದಣ್ಣ ಗೇಟು ತೆರೆದು ಕಿಟಕಿಯ ಕೆಳಗೆ ಹೋಗಿ ನಿಂತ. ಏನಾಯಿತಮ್ಮ ಎಂದು ಕೇಳಿದ.

ಕಿಟಕಿ ಒಂದು ಗೇಣು ತೆರೆಯಿತು. "ಏನೂ ಆಗಿಲ್ಲ" ಅಂದಳು ಆಕೆ. "ಸುಮ್ನೆ ತಟ್ಟಿದೆ. ಬರ್ತೀರೋ, ಹೋಗ್ತೀರೋ ನೋಡೋಣ ಅಂತ."

ಅದಾಗಿ ಎರಡು ವರ್ಷವಾಯಿತು. ಆಕೆ ದಿನಾ ತಟ್ಟುತ್ತಾಳೆ, ಅವನು ದಿನಾ ಹೋಗುತ್ತಾನೆ. ಒಂದೊಂದು ದಿನ ಕಿಟಕಿ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಆಕೆ ಪರದೆಯ ಹಿಂದೆ ನಿಂತು ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತು. ಆದರೂ ತೆರೆಯುವತನಕ ಜೇಬಿನೊಳಗಿನ ಆ ಮುಂಬಾಗಿಲಿನ ಇನ್ನೊಂದು ಕೀಲಿಯನ್ನು ಬಿಗಿಯಾಗಿ ಹಿಡಿದೇ ನಿಂತಿರುತ್ತಾನೆ.