ಓಬಳೇಶಪ್ಪನವರ ಹೆಸರಿನ ಮೇಲಿನ ಕೆಂಪು ಗೆರೆ

ಡಾಂಬರು ಗುಳಿಗೆಯ ವಾಸನೆಗೂ ಭಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಮಟ್ಟಿಗಂತೂ ಇದೆ. ಹೋದ ವಾರ ಅಟ್ಟದ ಮೇಲಿದ್ದ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗೈ ಬೆವರಿತು. ಹಳೆಯ ಪಂಚೆಗಳ ಅಡಿಯಲ್ಲಿ, ನಾನು ಇಟ್ಟ ಜಾಗದಲ್ಲೇ, ಉದ್ದನೆಯ ಹಾಜರಿ ಪುಸ್ತಕವೊಂದು ಮಲಗಿತ್ತು. ಗೆದ್ದಲು ಹಿಡಿದು ಹಾಳಾಯಿತು ಎಂದು ಎಂಟು ವರ್ಷದ ಹಿಂದೆ ಎಲ್ಲರಿಗೂ ಹೇಳಿಬಿಟ್ಟಿದ್ದ ಪುಸ್ತಕ ಅದು. ಪಾಪ, ಗೆದ್ದಲಿಗೆ ಈ ಆಪಾದನೆಯ ಸುದ್ದಿಯೇ ಗೊತ್ತಿಲ್ಲ.

ಟ್ರಂಕು ಇಳಿಸುವ ಕೆಲಸಕ್ಕೆ ನನ್ನನ್ನು ಹಚ್ಚಿದವರು ಗೌರಮ್ಮ ಟೀಚರ್. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ನಿವೃತ್ತ ಶಿಕ್ಷಕರು ಸೇರಿ ಕಟ್ಟಿಕೊಂಡ ನಮ್ಮ ಸಂಘಕ್ಕೆ ಅವರು ಮೊದಲಿನಿಂದಲೂ ಅಧ್ಯಕ್ಷರು. ಮುಖ್ಯೋಪಾಧ್ಯಾಯಿನಿಯ ಕುರ್ಚಿ ಬಿಟ್ಟು ಎಷ್ಟೋ ವರ್ಷವಾದರೂ ಆ ದನಿಯನ್ನು ಬಿಟ್ಟಿಲ್ಲ. ಈ ಸಲ ಸಂಘ ಒಂದು ಸ್ಮರಣ ಸಂಚಿಕೆ ತರುತ್ತಿದೆ.

"ಸಂಘದ ಇತಿಹಾಸ ನೀವೇ ಬರೀಬೇಕು ಮೇಷ್ಟ್ರೇ. ಅಷ್ಟು ವರ್ಷ ಕಾರ್ಯದರ್ಶಿ ಆಗಿದ್ರಿ. ಬ್ಯಾಂಕಿನ ಗಲಾಟೆ ಐತಲ್ಲ, ಅದನ್ನ ಮಾತ್ರ ಒಂಚೂರೂ ಬಿಡಬ್ಯಾಡ್ರಿ," ಎಂದರು. ಆಗಲಿ ಟೀಚರ್ ಎಂದೆ. ಅವರೆದುರು ಆಗುವುದಿಲ್ಲ ಎಂದವರನ್ನು ನಾನು ಈವರೆಗೆ ನೋಡಿಲ್ಲ.

ಮುಂದೆ ಹೇಳುವ ಮೊದಲು ನನ್ನ ಗುಣ ನಿಮಗೆ ತಿಳಿದಿರಬೇಕು. ನಾನು ಹುಟ್ಟು ಪುಕ್ಕಲ. ಶಾಲೆಗೆ ಇನ್‌ಸ್ಪೆಕ್ಟರು ಬರುತ್ತಾರೆಂದು ತಿಳಿದ ದಿನ ಬೆಳಿಗ್ಗೆಯೇ ನನ್ನ ಹೊಟ್ಟೆ ಕೆಡುತ್ತಿತ್ತು. ನಾಯಕನಹಟ್ಟಿಯಲ್ಲಿ ಪಾಠ ಮಾಡುತ್ತಿದ್ದಾಗ ಒಮ್ಮೆ ಇನ್‌ಸ್ಪೆಕ್ಟರು "ಮಗ್ಗಿ ಹೇಳಿಸಿ" ಎಂದರೆ, ಮಕ್ಕಳ ಬದಲು ನಾನೇ ಕೈಕಟ್ಟಿ ನಿಂತು ಹದಿಮೂರರ ಮಗ್ಗಿ ಒಪ್ಪಿಸಿದ್ದೆ. ಅದರಲ್ಲೂ ಹದಿಮೂರೆಂಟಕ್ಕೆ ಬಂದು ತಪ್ಪಿದ್ದೆ. ನಿವೃತ್ತನಾದರೆ ಈ ಭಯ ಹೋಗುತ್ತದೆ ಎಂದುಕೊಂಡಿದ್ದೆ. ಅದು ಇಲಾಖೆಗೆ ಸೇರಿದ್ದಲ್ಲ, ನನ್ನ ಸ್ವಂತದ್ದು ಎಂದು ಆಮೇಲೆ ತಿಳಿಯಿತು. ಭಯಗಳಲ್ಲೆಲ್ಲ ದೊಡ್ಡದು ನಾಯಿ ಭಯ. ನಗಬೇಡಿ, ಈ ಕಥೆಯ ಬೇರು ಅಲ್ಲೇ ಇದೆ.

ಸಂಘ ಹುಟ್ಟಿದ್ದೂ ಒಂದು ರೀತಿಯಲ್ಲಿ ಭಯದಿಂದಲೇ. ಆಗ ನಾವು ಒಬ್ಬೊಬ್ಬರೇ ಫೈಲು ಕಂಕುಳಲ್ಲಿಟ್ಟುಕೊಂಡು ಕಚೇರಿಗಳಿಗೆ ಅಲೆಯುತ್ತಿದ್ದೆವು. ಒಂದೇ ಕೆಲಸ ಮಾಡಿದ್ದರೂ ಮೊದಲು ನಿವೃತ್ತರಾದವರಿಗೆ ಕಡಿಮೆ ಪಿಂಚಣಿ, ಆಮೇಲೆ ಆದವರಿಗೆ ಹೆಚ್ಚು. ಯಾಕೆ ಎಂದು ಕೇಳಿದರೆ ನಾಳೆ ಬನ್ನಿ ಎಂಬ ಉತ್ತರ. ಜೀವನವಿಡೀ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದ ನಾವು ಗುಮಾಸ್ತರ ಮೇಜಿನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆವು. ಒಂದು ದಿನ ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗೆ ಗೌರಮ್ಮ ಟೀಚರ್ ನಮ್ಮನ್ನೆಲ್ಲ ನೋಡಿ, "ಒಬ್ಬೊಬ್ರೇ ಬಂದು ಅಳೋದಕ್ಕಿಂತ ಎಲ್ಲಾರೂ ಕೂಡಿ ಕೇಳಾಣ. ಎದಕ್ಕೆ ಅಂಜಬೇಕು? ನಮ್ಮನ್ನ ಇನ್ನ ಎಲ್ಲಿಗ್ ವರ್ಗ ಮಾಡ್ತಾರೆ?" ಎಂದರು. ಎಲ್ಲರೂ ನಕ್ಕರು. ಅಂದೇ ಸಂಘವಾಯಿತು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ನಾನು ಕಾರ್ಯದರ್ಶಿಯಾದೆ.

ಒಂದು ತಿಂಗಳು ಚಳ್ಳಕೆರೆಯಲ್ಲಿ, ಮರುತಿಂಗಳು ಮೊಳಕಾಲ್ಮೂರಿನಲ್ಲಿ ಸಭೆ. ಪರಶುರಾಂಪುರದವರು ಬಸ್ಸಿಳಿಯುವಾಗ ಚೀಲದಲ್ಲಿ ಹಸಿ ಶೇಂಗಾ ತರುತ್ತಿದ್ದರು. ಗಡಿ ಕಡೆಯವರು ತಮ್ಮತಮ್ಮಲ್ಲಿ ತೆಲುಗು ಮಾತಾಡುತ್ತ ಹಿಂದಿನ ಸಾಲಿನಲ್ಲಿ ಕೂತು, ಗೌರಮ್ಮ ಟೀಚರ್ ಕಣ್ಣು ಬಿಟ್ಟರೆ ಹುಡುಗರ ಹಾಗೆ ಸುಮ್ಮನಾಗುತ್ತಿದ್ದರು. ಸಭೆ ಶುರುವಾಗುವುದು ಹಾಜರಿಯಿಂದ. ಶಾಲೆಯ ಹಾಜರಿ ಪುಸ್ತಕದಂಥದ್ದೇ ಪುಸ್ತಕ, ನಾನು ಹೆಸರು ಕೂಗುವುದು, ಎಪ್ಪತ್ತು ದಾಟಿದವರು ಎದ್ದು "ಹಾಜರ್ ಸಾರ್" ಎನ್ನುವುದು. ತಮಾಷೆಗೆ ಶುರುವಾದದ್ದು ಆಮೇಲೆ ನಮ್ಮ ಪ್ರಾಣವಾಯಿತು. ಎರಡು ಸಭೆಗೆ ಬಾರದವರ ಮನೆಗೆ ಕಾರ್ಯದರ್ಶಿ ಹೋಗಿ ನೋಡಿ ಬರಬೇಕು ಎಂಬ ನಿಯಮ ಮಾಡಿಕೊಂಡೆವು. ಜ್ವರ ಬಂದು ಒಬ್ಬರೇ ಮಲಗಿದ್ದ ಎಷ್ಟೋ ಜನರನ್ನು ಈ ನಿಯಮ ಆಸ್ಪತ್ರೆಗೆ ಮುಟ್ಟಿಸಿದೆ. ತೀರಿಕೊಂಡವರ ಹೆಸರಿನ ಮೇಲೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ.

ಓಬಳೇಶಪ್ಪನವರು ಎರಡಲ್ಲ, ನಾಲ್ಕು ಸಭೆಗೆ ಬರಲಿಲ್ಲ. ಮೊಳಕಾಲ್ಮೂರಿನಾಚೆ ಹಳ್ಳಿಯೊಂದರ ಹೊರಗೆ ಅವರ ಮನೆ. ಮನೆಗೆ ಹೊಂದಿಕೊಂಡು ಕುರಿ ಹಟ್ಟಿ, ಹಟ್ಟಿಗೆ ಕಾವಲಾಗಿ ಎರಡು ನಾಯಿಗಳು. ಕುರಿ ಕಾಯುವ ನಾಯಿಗಳನ್ನು ನೀವು ನೋಡಿದ್ದರೆ ನನ್ನನ್ನು ಕ್ಷಮಿಸುತ್ತೀರಿ. ಒಂದು ಮಧ್ಯಾಹ್ನ ಬಸ್ಸಿಳಿದು ಅವರ ಬೇಲಿಯವರೆಗೂ ಹೋದೆ. ಎರಡೂ ಒಟ್ಟಿಗೆ ಎದ್ದವು. ಬೊಗಳಲೂ ಇಲ್ಲ, ಸುಮ್ಮನೆ ನನ್ನನ್ನೇ ನೋಡುತ್ತ ಬಂದವು. ನಾನು ಹಿಂದಿರುಗಿ ಬಂದವನು ಬಸ್ಸು ಹತ್ತುವವರೆಗೂ ತಿರುಗಿ ನೋಡಲಿಲ್ಲ. ಒಳಗೆ ಯಾರಿದ್ದರೋ ಇಲ್ಲವೋ ನನಗೆ ತಿಳಿಯದು.

ಮನೆಗೆ ಬಂದು ಪುಸ್ತಕ ತೆರೆದೆ. ಇಲ್ಲಿ ನನ್ನೊಳಗಿನ ಮೇಷ್ಟ್ರು ಕೈಕೊಟ್ಟ. ಶಾಲೆಯಲ್ಲಿ ಮಗು ಬಹಳ ದಿನ ಬರದಿದ್ದರೆ ಏನು ಮಾಡುತ್ತಿದ್ದೆವು? ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಹಾಜರಿಯಿಂದ ತೆಗೆಯುತ್ತಿದ್ದೆವು. ಮೂವತ್ತು ವರ್ಷ ಮಾಡಿದ ಕೆಲಸ. ಕೈ ತಾನೇ ಹೋಗಿ ಕೆಂಪು ಪೆನ್ನು ಹಿಡಿಯಿತು. ಹೆಸರಿಲ್ಲದಿದ್ದರೆ ಅವರ ಮನೆಗೆ ಹೋದಿರಾ ಎಂದು ಗೌರಮ್ಮ ಟೀಚರ್ ಕೇಳುವುದೂ ಇಲ್ಲ, ಆ ನಾಯಿಗಳೂ ಇಲ್ಲ ಎಂಬ ಸಣ್ಣ ಸಮಾಧಾನವೂ ಆ ಗೆರೆಯಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನವೆಂಬರ್ ಬಂತು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ಪ್ರಮಾಣಪತ್ರ ಕೊಡಬೇಕಲ್ಲ, ಆ ತಿಂಗಳು. ಮಂಡಿ ನೋವಿನವರು ಬ್ಯಾಂಕಿನ ಮೆಟ್ಟಿಲು ಹತ್ತಲಾರರು ಎಂದು ಗೌರಮ್ಮ ಟೀಚರ್ ಹೋರಾಡಿ, ಬ್ಯಾಂಕಿನವರೇ ನಮ್ಮ ಸಭೆಗೆ ಬರುವಂತೆ ಮಾಡಿದ್ದರು. ಬಂದವಳು ನಾಗವೇಣಿ. ನಾಯಕನಹಟ್ಟಿಯಲ್ಲಿ ನನ್ನ ಹತ್ತಿರವೇ ಓದಿದ ಹುಡುಗಿ. ಮುಂದಿನ ಬೆಂಚು, ಎಣ್ಣೆ ಹಚ್ಚಿದ ಎರಡು ಜಡೆ. ಆಗ ಬ್ಯಾಂಕಿನ ಕೆಲಸದಲ್ಲಿದ್ದಳು, ಒಂದನೇ ತರಗತಿಗೆ ಹೋಗುವ ಮಗಳಿದ್ದಳು. ನನ್ನನ್ನು ಕಂಡು ಕುರ್ಚಿಯಿಂದ ಎದ್ದು ನಿಂತಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಹಾಜರಿ ಪುಸ್ತಕವನ್ನು ಅವಳ ಮುಂದಿಟ್ಟು ಮೆಣಸಿನಕಾಯಿ ಬೋಂಡ ಹಂಚಲು ಓಡಾಡತೊಡಗಿದೆ.

"ಸಾರ್, ತೀರ್ಕಂಡೋರ ಹೆಸ್ರೂ ಬರ್ಕಂಬೇಕು. ಈ ಕೆಂಪು ಗೆರೆ ಹೊಡೆದಿರೋವೇನಾ?" ಎಂದು ಕೇಳಿದಳು.

"ಹೂಂನಮ್ಮ, ಅವೇ," ಎಂದೆ. ಪುಸ್ತಕದ ಕಡೆ ನೋಡಲಿಲ್ಲ. ನನ್ನ ಗಮನವೆಲ್ಲ ಬೋಂಡದ ತಟ್ಟೆಯ ಮೇಲಿತ್ತು. ಅವಳು ನನ್ನ ಮಾತಿನ ಮೇಲೆ ಬರೆದುಕೊಂಡಳು. ಮರಣ ಪ್ರಮಾಣಪತ್ರ ಕೇಳಬೇಕಾದದ್ದು ನಿಯಮ. ಆದರೆ ಅ ಆ ಇ ಈ ಕಲಿಸಿದ ಮೇಷ್ಟ್ರನ್ನು ಯಾರು ತಾನೆ ದಾಖಲೆ ಕೇಳುತ್ತಾರೆ?

ಎರಡು ತಿಂಗಳು ಕಳೆದು ಓಬಳೇಶಪ್ಪನವರು ಚಳ್ಳಕೆರೆಯ ಸಭೆಗೆ ಬಂದರು. ಬಾಗಿಲಲ್ಲಿ ಅವರನ್ನು ಕಂಡು ಹಾಜರಿ ಪುಸ್ತಕವನ್ನು ಕೈಚೀಲದೊಳಕ್ಕೆ ತಳ್ಳಿದೆ. ಹೆಂಡತಿ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ. ರಾಯದುರ್ಗದ ಮಗಳ ಮನೆಯಲ್ಲಿಟ್ಟುಕೊಂಡು ಆಸ್ಪತ್ರೆಗೆ ತೋರಿಸುತ್ತಿದ್ದರಂತೆ. ಪಿಂಚಣಿ ಬರುವುದು ನಿಂತು, ಚಿಕಿತ್ಸೆಯೂ ನಡುವೆಯೇ ನಿಂತಿತಂತೆ.

"ಬ್ಯಾಂಕಿಗೋದ್ರೆ ಕಂಪ್ಯೂಟರ್ ನೋಡಿ, ನೀವು ಸತ್ತೋಗಿದೀರಿ ಅಂತಾರೆ. ಅಯ್ಯೋ ದೇವುಡಾ, ಮತ್ತೆ ಇಲ್ಲಿ ನಿಂತಿರೋನು ಯಾರಪ್ಪಾ ಅಂದೆ. ಬದುಕಿರೋದಕ್ಕೆ ಕಾಗದ ತರ್ರಿ ಅಂದ್ರು," ಎಂದು ಹೇಳಿ ನಗಲು ಹೋದರು. ನಗು ಬರಲಿಲ್ಲ. ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಗೌರಮ್ಮ ಟೀಚರ್ ಎದ್ದು ನಿಂತರು. "ಬದುಕಿರೋ ಮನುಷ್ಯನ್ನ ಸಾಯಿಸ್ತಾರಾ? ನಡೀರಿ ಎಲ್ಲಾರೂ. ಕಾರ್ಯದರ್ಶಿಗಳೇ, ಮನವಿ ಬರೀರಿ. ತಪ್ಪು ಮಾಡಿದೋರ ಮೇಲೆ ಕ್ರಮ ಆಗ್ಬೇಕು ಅಂತ ದಪ್ಪಕ್ಷರದಾಗೆ ಹಾಕ್ರಿ."

ಆಗಲೇ ಹೇಳಬೇಕಿತ್ತು. ತಪ್ಪು ನನ್ನದು ಎಂದು ಎರಡು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಪೆನ್ನು ತೆಗೆದು ಬರೆದೆ. "ಸಂಬಂಧಪಟ್ಟ ಸಿಬ್ಬಂದಿಯ ಮೇಲೆ ಕಟ್ಟುನಿಟ್ಟಿನ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸುತ್ತೇವೆ." ಅಕ್ಷರ ಎಂದಿನಂತೆ ದುಂಡಗೇ ಬಂತು. ಆ ಅಕ್ಷರದ ಮೇಲೆ ಅಂದಿನಿಂದ ನನಗೆ ಅಸಹ್ಯ.

ಕೋಲೂರಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ನಮ್ಮ ಮೆರವಣಿಗೆ ಬ್ಯಾಂಕಿನೊಳಗೆ ನುಗ್ಗಿತು. ಜೀವನದಲ್ಲಿ ದನಿಯೆತ್ತದ ಮೇಷ್ಟ್ರುಗಳು ಧಿಕ್ಕಾರ ಕೂಗಿದರು. ಗಾಜಿನ ಹಿಂದೆ ನಾಗವೇಣಿ ಎದ್ದು ನಿಂತಿದ್ದಳು. ಅವಳ ಕಣ್ಣು ಗುಂಪಿನಲ್ಲಿ ನನ್ನನ್ನು ಹುಡುಕಿತು, ನಾನು ಸಿಕ್ಕಿಬಿಟ್ಟೆ. ಹಾಜರಿ ಪುಸ್ತಕ ನನ್ನ ಕೈಚೀಲದಲ್ಲೇ ಇತ್ತು. ಈಗ ಹೇಳುತ್ತಾಳೆ, ಈಗ ಬೆರಳು ತೋರಿಸುತ್ತಾಳೆ ಎಂದು ಅಂಜಿದೆ. ಕಂಬದ ಹಿಂದಕ್ಕೆ ಸರಿದೆ. ಮ್ಯಾನೇಜರು ಯಾರು ಬರೆದುಕೊಂಡದ್ದು ಎಂದು ಕೇಳಿದಾಗ ಅವಳು ಇನ್ನೊಮ್ಮೆ ಕಂಬದ ಕಡೆ ನೋಡಿ, "ನಂದೇ ತಪ್ಪು ಸಾರ್, ವಿಚಾರ ಮಾಡ್ದೆ ಬರ್ಕಂಡೆ," ಎಂದಳು.

ಅದೇ ವಾರ ಓಬಳೇಶಪ್ಪನವರ ಪಿಂಚಣಿ ಮತ್ತೆ ಶುರುವಾಯಿತು. ನಾಗವೇಣಿಯನ್ನು ಬೀದರಿನ ಕಡೆಗೆ ವರ್ಗ ಮಾಡಿದರು. ಮಗಳನ್ನು ನಾಯಕನಹಟ್ಟಿಯಲ್ಲಿ ತಾಯಿಯ ಹತ್ತಿರ ಬಿಟ್ಟು ಹೋದಳು ಎಂದು ಯಾರೋ ಹೇಳಿದರು. ಸಂಘಕ್ಕೆ ಎಲ್ಲಿಲ್ಲದ ಹೆಸರು ಬಂತು. ಸತ್ತವನನ್ನು ಬದುಕಿಸಿದ ಸಂಘ ಎಂದು ಜನ ಆಡಿಕೊಂಡರು. ಅದುವರೆಗೆ ದೂರವಿದ್ದ ಮೇಷ್ಟ್ರುಗಳೆಲ್ಲ ಸದಸ್ಯರಾದರು. ಅಧಿಕಾರಿಗಳು ಕುರ್ಚಿ ಹಾಕಿಸಿ ಮಾತಾಡಿಸಿದರು. ನಾವು ಆಮೇಲೆ ಗೆದ್ದದ್ದಕ್ಕೆಲ್ಲ ಆ ದಿನದ ಧೈರ್ಯವೇ ಮೂಲ ಎಂದು ಗೌರಮ್ಮ ಟೀಚರ್ ಈಗಲೂ ಭಾಷಣದಲ್ಲಿ ಹೇಳುತ್ತಾರೆ. ನಾನು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತೇನೆ.

ಓಬಳೇಶಪ್ಪನವರು ಅಂದಿನಿಂದ ಪ್ರತಿ ಸಭೆಯಲ್ಲೂ ನನ್ನ ಪಕ್ಕವೇ ಕೂರುತ್ತಾರೆ. ನಾನು ಬರೆದ ಮನವಿಯಿಂದ ತಮಗೆ ಜೀವ ಬಂತು ಎಂದು ನಂಬಿದ್ದಾರೆ. ಪ್ರತಿ ವರ್ಷ ಮನೆಯಿಂದ ತುಪ್ಪ ತಂದುಕೊಡುತ್ತಾರೆ. ಅವರ ಹೆಂಡತಿ ಕಾಲೆಳೆದುಕೊಂಡೇ ನಡೆಯುತ್ತಾರೆ, ಚಿಕಿತ್ಸೆ ನಿಲ್ಲದಿದ್ದರೆ ಸರಿಹೋಗುತ್ತಿತ್ತೋ ಏನೋ. ಬೇಡ ಎನ್ನುವ ಧೈರ್ಯವಿಲ್ಲದೆ ಆ ತುಪ್ಪ ಹಾಕಿಕೊಂಡೇ ಉಣ್ಣುತ್ತೇನೆ. ಯಾರಾದರೂ ಬ್ಯಾಂಕು ಎಂದರೆ ಸಾಕು, ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ. ಎಂಟು ವರ್ಷ ಹೀಗೆ ಹೆದರಿಕೊಂಡು ಬದುಕಿದ್ದೇನೆ.

ಇತಿಹಾಸ ಬರೆಯಲು ಒಪ್ಪಿದೆ ಎಂದೆನಲ್ಲ, ಕೂತೆ. ಬೇವಿನ ಮರ ಬಂತು, ಹಾಜರಿ ಬಂತು, ಬ್ಯಾಂಕಿನ ಬಾಗಿಲಿಗೆ ಬಂದು ಪೆನ್ನು ನಿಂತಿತು. ಮೂರು ದಿನ ಅದೇ ಸಾಲು. ನಾಲ್ಕನೆಯ ದಿನ ನಾಯಕನಹಟ್ಟಿಗೆ ಬಸ್ಸು ಹತ್ತಿ ನಾಗವೇಣಿಯ ತಾಯಿಯ ಹತ್ತಿರ ಅವಳ ನಂಬರು ಇಸಿದುಕೊಂಡೆ. ಅಲ್ಲೇ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಫೋನು ಮಾಡಿದೆ. ಎರಡು ಸಲ ಅವಳು ಎತ್ತುವ ಮೊದಲೇ ಇಟ್ಟುಬಿಟ್ಟೆ. ಮೂರನೆಯ ಸಲ ಎತ್ತಿದಳು.

"ನಾಗವೇಣಿ, ನಾನಮ್ಮ, ನಿಮ್ಮ ಮೇಷ್ಟ್ರು. ಅವತ್ತು ಆ ಗೆರೆ ಎಳೆದದ್ದು ನಾನು. ನೀನು ಕೇಳಿದಾಗ ನೋಡದೇ ಹೂಂ ಅಂದದ್ದೂ ನಾನೇ. ತಪ್ಪಾಯ್ತಮ್ಮ," ಎಂದೆ. ದನಿ ನನ್ನದೇ ಅನ್ನಿಸಲಿಲ್ಲ.

ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಪರವಾಗಿಲ್ಲ ಬಿಡಿ ಸಾರ್ ಎಂದರೆ ಸಾಕು ಎಂದು ಒಳಗೊಳಗೇ ಆಸೆಯನ್ನೂ ಪಟ್ಟಿದ್ದೆ.

"ನಂಗ್ಯಾಕೆ ಹೇಳ್ತೀರಿ ಸಾರ್? ನಂಗೆ ಗೊತ್ತಿರೋದೇ ಅಲ್ವಾ," ಎಂದಳು. ಸಿಟ್ಟಿರಲಿಲ್ಲ, ದಣಿದ ದನಿ. "ಅವತ್ತು ಬಂದು ಕೂಗಿದ್ರಲ್ಲ, ಅವ್ರಿಗೆ ಹೇಳ್ರಿ. ಎಷ್ಟೋ ಜನ ನಂಗೆ ಪಾಠ ಹೇಳಿದೋರು ಸಾರ್ ಅವ್ರು. ನಾನು ಊರಿಗೆ ಬಂದ್ರೆ ಈಗ್ಲೂ ಮುಖ ತಿರುಗಿಸ್ಕಂಡು ಹೋಗ್ತಾರೆ."

ಫೋನು ಇಟ್ಟಳು. ನಾಯಕನಹಟ್ಟಿಯ ಬಿಸಿಲಿನಲ್ಲಿ ನಾನು ಎರಡು ಬಸ್ಸು ಬಿಟ್ಟು ಕೂತಿದ್ದೆ.

ಆದ್ದರಿಂದ ಗೌರಮ್ಮ ಟೀಚರ್, ನೀವು ಕೇಳಿದ ಇತಿಹಾಸ ಇದು. ಅಚ್ಚಿಗೆ ಹೋಗುವ ಮೊದಲು ಬರುವ ಭಾನುವಾರದ ಸಭೆಯಲ್ಲಿ ನಾನೇ ಎದ್ದು ಇದನ್ನು ಓದುತ್ತೇನೆ. ಎಲ್ಲರೂ ಇರುತ್ತಾರೆ. ಓಬಳೇಶಪ್ಪನವರು ಎಂದಿನಂತೆ ನನ್ನ ಪಕ್ಕದಲ್ಲೇ, ಮೊಣಕೈ ತಗಲುವಷ್ಟು ಹತ್ತಿರ ಕೂತಿರುತ್ತಾರೆ. ಅಂದು ನನ್ನ ದನಿ ನಿಂತುಹೋದರೆ, ದಯವಿಟ್ಟು ಯಾರೂ ನನ್ನನ್ನು ಕೂರಿಸಬೇಡಿ. ನಾಗವೇಣಿಯ ಹೆಸರು ಬರುವವರೆಗಾದರೂ ನಿಲ್ಲಿಸಿಕೊಂಡಿರಿ.