ಘಟ್ಟದಲ್ಲಿ ನಿಂತುಹೋಗುತ್ತಿದ್ದ ಲ್ಯಾಪ್‌ಟಾಪ್

2023ರಲ್ಲಿ ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಮನೆ ಕುಮಟಾದಲ್ಲಿ. ಮೂವತ್ತೊಂದು ವರ್ಷ ದಿನವೂ ಬೆಳಿಗ್ಗೆ ಬಸ್ಸು ಹಿಡಿದು ಬಂದು, ಒಂಬತ್ತೂವರೆಗೆ ಶಟರ್ ಎತ್ತುತ್ತಿದ್ದೆ. ಶುರುಮಾಡಿದ್ದು ರೇಡಿಯೋ, ಟೇಪ್ ರೆಕಾರ್ಡರುಗಳಿಂದ. ಆಮೇಲೆ ಟಿವಿ ಬಂತು, ಕಂಪ್ಯೂಟರ್ ಬಂತು, ಕೊನೆಗೆ ಲ್ಯಾಪ್‌ಟಾಪ್. ವಸ್ತುಗಳು ಸಣ್ಣದಾಗುತ್ತ ಹೋದಂತೆ ನನ್ನ ಕನ್ನಡಕದ ಗಾಜು ದಪ್ಪವಾಗುತ್ತ ಹೋಯಿತು. ಈಗ ಅಂಗಡಿ ಮುಚ್ಚಿದ್ದೇನೆ. ಆದರೂ ಬೆಳಿಗ್ಗೆ ಚಾ ಕುಡಿಯುವಾಗ ಬೆಸುಗೆಯ ಹೊಗೆಯ ವಾಸನೆ ಎಲ್ಲಿಂದಲೋ ಬಂದಂತೆ ಅನಿಸುತ್ತದೆ. ಆಗ ನೆನಪಾಗುವ ಕೇಸುಗಳಲ್ಲಿ ಮೊದಲನೆಯದು ಮಂಕಿಯ ಮಾದೇವ ನಾಯ್ಕರ ಲ್ಯಾಪ್‌ಟಾಪ್.

ಫೆಬ್ರುವರಿಯ ಒಂದು ಸೋಮವಾರ ಅದನ್ನು ತಂದವರು ಅವರ ಹೆಂಡತಿ ಸಾವಿತ್ರಿ. ಅಂಗನವಾಡಿಯಲ್ಲಿ ಕೆಲಸ ಮಾಡುವ, ನಲವತ್ತೈದರ ಆಸುಪಾಸಿನ ಹೆಂಗಸು. ಬಟ್ಟೆಯ ಚೀಲದೊಳಗೆ ಟವೆಲಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ಕೂಸನ್ನು ಮಲಗಿಸುವ ಹಾಗೆ ಮೇಜಿನ ಮೇಲೆ ಇಟ್ಟರು. ಬಿಚ್ಚಿ ನೋಡಿದರೆ ಗೇಮಿಂಗ್ ಲ್ಯಾಪ್‌ಟಾಪ್. ಸಾಮಾನ್ಯ ಲ್ಯಾಪ್‌ಟಾಪಿನ ಎರಡರಷ್ಟು ದಪ್ಪ, ಒಳಗೆ ಎರಡು ಫ್ಯಾನು, ಚಿತ್ರ ಮೂಡಿಸುವುದಕ್ಕೆಂದೇ ಬೇರೆ ಗ್ರಾಫಿಕ್ಸ್ ಚಿಪ್ಪು. ನಮ್ಮ ಕಡೆ ಇಂಥದ್ದನ್ನು ತರುವವರು ಹೆಚ್ಚಾಗಿ ಕಾಲೇಜು ಹುಡುಗರು.

"ಇದ್ರಲ್ಲಿ ಆಟ ಆಡೂದು ಯಾರು?" ಎಂದೆ.

"ನಮ್ಮನೆಯವ್ರು. ಲಾರಿ ಓಡಿಸೂ ಆಟ. ಆಡ್ತಾ ಇರೂವಾಗ್ಲೇ ಒಮ್ಮೆಲೇ ಬಂದ್ ಆಗ್ತದೆ."

ಅವರು ಚೀಲದಿಂದ ಚಾರ್ಜರನ್ನು ಹೊರತೆಗೆಯುತ್ತಿದ್ದರು. ನಾನೇ ತಡೆದೆ. "ಅದೆಲ್ಲ ಬೇಡ, ನಮ್ಮಲ್ಲಿ ಇದೆ. ಬುಧವಾರ ಬನ್ನಿ."

ಆಡುವಾಗ ತಾನಾಗಿ ಆಫ್ ಆಗುವ ಗೇಮಿಂಗ್ ಲ್ಯಾಪ್‌ಟಾಪ್ ಬಂದರೆ ರಿಪೇರಿಯವನಿಗೆ ಮೊದಲು ಬರುವ ಅನುಮಾನ ಬಿಸಿಯದ್ದು. ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಕಾದರೆ, ಸುಟ್ಟುಹೋಗದಿರಲಿ ಎಂದು ಯಂತ್ರ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಹಿಂಬದಿ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ದಪ್ಪ ಕಂಬಳಿಯಂತೆ ಧೂಳು. ಚಿಪ್ಪಿನ ಬಿಸಿಯನ್ನು ತಾಮ್ರದ ಕೊಳವೆಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಕಾರಣ ಸಿಕ್ಕಿಯೇಬಿಟ್ಟಿತು ಎಂಬ ಖುಷಿಯಲ್ಲಿ ಎಲ್ಲ ಶುಚಿಮಾಡಿ, ಹೊಸ ಪೇಸ್ಟ್ ಹಚ್ಚಿ, ನನ್ನ ಚಾರ್ಜರ್ ಹಾಕಿ, ಅದೇ ಲಾರಿ ಆಟವನ್ನು ಮೂರು ತಾಸು ಓಡಿಸಿದೆ. ಮೊದಲು ತೊಂಬತ್ತೈದು ಡಿಗ್ರಿ ಮುಟ್ಟುತ್ತಿದ್ದ ಬಿಸಿ ಎಪ್ಪತ್ತೆಂಟರಲ್ಲಿ ನಿಂತಿತು. ಒಮ್ಮೆಯೂ ಆಫ್ ಆಗಲಿಲ್ಲ. ಬುಧವಾರ ಸಾವಿತ್ರಿ ಬಂದು ಒಯ್ದರು.

ಶುಕ್ರವಾರ ಮರಳಿ ತಂದರು. "ಅದೇ ಹಣೆಬರಹ, ಶಾನಭಾಗ್ರೇ."

ಈ ಬಾರಿ ರ‍್ಯಾಮ್ ಬದಲಿಸಿ ನೋಡಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಮದರ್‌ಬೋರ್ಡಿನ ಬೆಸುಗೆಗಳನ್ನು ಭೂತಗಾಜಿನಲ್ಲಿ ಒಂದೊಂದಾಗಿ ಪರೀಕ್ಷಿಸಿದೆ. ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಜಿನ ಮೇಲೆ ಓಡುತ್ತಲೇ ಇತ್ತು. ತಪ್ಪು ಯಂತ್ರದಲ್ಲಿ ಇಲ್ಲವೇ ಇಲ್ಲ ಎಂದು ನನಗೆ ಖಾತ್ರಿಯಾಯಿತು. ಅವರ ಮನೆಯ ಕರೆಂಟಿನದೋ, ಆಡುವ ರೀತಿಯದೋ ದೋಷವಿರಬೇಕು ಎಂದುಕೊಂಡು, ಆ ಸಂಜೆ ಬಂದ ಸಾವಿತ್ರಿಯ ಕೈಗೆ ಕೊಟ್ಟು ಕಳಿಸಿದೆ. ಗ್ರಾಹಕನ ಮೇಲೆ ತಪ್ಪು ಹಾಕುವುದು ನಮ್ಮ ಕಸುಬಿನ ಹಳೆಯ ಕಾಯಿಲೆ.

ಮಂಗಳವಾರ ಸಾವಿತ್ರಿ ಮತ್ತೆ ಬಂದಾಗ ಕೈಯಲ್ಲಿ ಚೀಲವಿರಲಿಲ್ಲ.

"ಲ್ಯಾಪ್‌ಟಾಪ್ ಎಲ್ಲಿ?"

"ಇನ್ನು ತರೂದು ಬ್ಯಾಡ ಅಂದ್ರು. ಕಟ್ಟಿ ಅಟ್ಟಕ್ಕೆ ಹಾಕು, ಅದಕ್ಕೂ ನನ್ನ ಹಾಂಗೇ ಆಗ್ಯದೆ ಅಂದ್ರು." ಬೆಂಚಿನ ಮೇಲೆ ಕುಳಿತು, ನಾನು ಮೊದಲ ದಿನವೇ ಕೇಳಬೇಕಿದ್ದ ಕತೆಯನ್ನು ಹೇಳಿದರು.

ಮಾದೇವ ನಾಯ್ಕರು ಇಪ್ಪತ್ತೆರಡು ವರ್ಷ ಲಾರಿ ಡ್ರೈವರ್. ಭಟ್ಕಳದ ನವಾಯತ ಮುಸ್ಲಿಂ ವ್ಯಾಪಾರಿಯೊಬ್ಬರ ಲಾರಿಯಲ್ಲಿ ಮಂಗಳೂರು, ಹುಬ್ಬಳ್ಳಿ, ಮುಂಬಯಿ ಎಂದು ತಿರುಗಿದವರು. ನಾಲ್ಕು ವರ್ಷದ ಹಿಂದೆ, ನಿಂತ ಲಾರಿಯ ಲೋಡಿನ ಮೇಲೆ ಹತ್ತಿ ತಾಡಪತ್ರಿ ಕಟ್ಟುವಾಗ ಕಾಲು ಜಾರಿ ಕೆಳಗೆ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಒಂದು ವರ್ಷ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರಂತೆ, ಹೆಂಡತಿಯ ಹತ್ತಿರವೂ ಮಾತಿಲ್ಲ. ಆಗ ಲಾರಿಯ ಮಾಲೀಕರು ತಮ್ಮ ಮಗಳು ಬಳಸಿ ಬಿಟ್ಟಿದ್ದ ಈ ಲ್ಯಾಪ್‌ಟಾಪನ್ನೂ, ಆಟಕ್ಕೆ ಜೋಡಿಸುವ ಸ್ಟೀರಿಂಗನ್ನೂ ತಂದು ಮಂಚದ ಪಕ್ಕದಲ್ಲಿ ಇಟ್ಟು, "ಮಾದೇವ, ಇದೂ ಒಂದು ಗಾಡಿನೇ, ನೋಡು" ಎಂದರಂತೆ.

"ಸ್ಟೀರಿಂಗ್ ಹಿಡಿದ ದಿನ ನನ್ನ ಹತ್ರ ಮಾತಾಡಿದ್ರು," ಎಂದರು ಸಾವಿತ್ರಿ. "ಒಂದ್ ಲೋಟ ಚಾ ಕೊಡೇ ಅಂದ್ರು. ಅಷ್ಟೇ. ನಾ ಒಳಗೆ ಹೋಗಿ ಅತ್ತೆ. ಈಗ ಮೂರು ದಿನ ಆತು, ಮತ್ತೆ ಗೋಡೆ ಕಡೆ ತಿರುಗಿ ಮನಗಿದ್ದಾರೆ."

ನಾನು ಶಟರ್ ಎಳೆದೆ. ಮೂವತ್ತೊಂದು ವರ್ಷದಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿ ಗ್ರಾಹಕರ ಮನೆಗೆ ಹೋದದ್ದು ಎಣಿಸಿ ನಾಲ್ಕೈದು ಸಲ ಇರಬಹುದು. ಇಬ್ಬರೂ ಭಟ್ಕಳದ ಬಸ್ಸು ಹತ್ತಿ ಮಂಕಿಯಲ್ಲಿ ಇಳಿದೆವು. ಹೆದ್ದಾರಿಯಿಂದ ಹತ್ತು ನಿಮಿಷ ನಡೆದರೆ ಮನೆ. ಲಾರಿಗಳ ಹಾರ್ನು ಅಲ್ಲಿಗೂ ಕೇಳುತ್ತಿತ್ತು.

ಮಾದೇವ ನಾಯ್ಕರು ತಿರುಗಿ ನೋಡಿದರು. ಅಗಲ ಭುಜ, ನರೆತ ಗಡ್ಡ. "ಸುಮ್ನೆ ಬಂದ್ರಿ ಶಾನಭಾಗ್ರೇ. ನಿಮ್ಮ ಕೆಲಸ ಹಾಳು."

"ನೀವು ಓಡಿಸಿ, ನಾನು ನೋಡ್ತೇನೆ," ಎಂದೆ.

ಒಪ್ಪಿಸುವುದಕ್ಕೆ ಒಂದು ಚಾ ಮುಗಿಯುವಷ್ಟು ಹೊತ್ತು ಬೇಕಾಯಿತು. ಕೊನೆಗೆ ಸಾವಿತ್ರಿ ಅವರನ್ನು ಗಾಲಿಕುರ್ಚಿಗೆ ಇಳಿಸಿಕೊಂಡು ಮೇಜಿನ ಮುಂದೆ ತಂದರು. ಕಾಲಿನ ಪೆಡಲುಗಳು ಮೂಲೆಯಲ್ಲಿ ಬಿದ್ದಿದ್ದವು. ಸ್ಟೀರಿಂಗಿನ ಹಿಂದೆ ಬೆರಳಿಗೆ ಸಿಗುವ ಎರಡು ಸಣ್ಣ ಪಟ್ಟಿಗಳಿಗೆ ಎಕ್ಸಲರೇಟರ್ ಮತ್ತು ಬ್ರೇಕನ್ನು ಅವರೇ ಹೊಂದಿಸಿಕೊಂಡಿದ್ದರು. ಗಾಡಿ ಹೊರಟಿತು. ಪರದೆಯ ಮೇಲೆ ಯಾವುದೋ ಪರದೇಶದ ಬೆಟ್ಟದ ದಾರಿ. ಅವರ ಬೆನ್ನು ನೆಟ್ಟಗಾಯಿತು, ಕಣ್ಣು ಕನ್ನಡಿಯಿಂದ ರಸ್ತೆಗೆ, ರಸ್ತೆಯಿಂದ ಕನ್ನಡಿಗೆ ಓಡಾಡತೊಡಗಿತು.

"ಈ ತಿರುವು ನಮ್ಮ ಅರಬೈಲ್ ಘಟ್ಟದ ತರಾನೇ. ಇಲ್ಲಿ ಎರಡ್ನೇ ಗೇರಿಗೆ ತರ್ಬೇಕು," ಎಂದರು. ಆಟದೊಳಗೆ ಮಳೆ ಶುರುವಾಯಿತು. ಕಾಡು, ಮಂಜು, ಎದುರಿನಿಂದ ಬರುವ ಗಾಡಿಗಳ ದೀಪ. ಏರು ಅರ್ಧ ಮುಟ್ಟುವಷ್ಟರಲ್ಲಿ ಪರದೆ ಕಪ್ಪಾಯಿತು. ಫ್ಯಾನಿನ ಸದ್ದೂ ನಿಂತಿತು.

ಮಾದೇವ ನಾಯ್ಕರ ಕೈ ಸ್ಟೀರಿಂಗಿನ ಮೇಲೇ ಇತ್ತು. "ಯಾವಾಗ್ಲೂ ಹೀಂಗೇ. ಸಪಾಟು ರಸ್ತೇಲಿ ಎಂತದೂ ಆಗೂದಿಲ್ಲ. ಘಟ್ಟ, ಮಳೆ ಬಂತಂದ್ರೆ ಆತು."

"ಬಿಸಿ ಇರಬಹುದು" ಎಂದೆ, ನಾನೇ ನಂಬದೆ. ಮುಟ್ಟಿದರೆ ಬರೀ ಬೆಚ್ಚಗಿತ್ತು.

ಅವರು ಅಲ್ಲವೆಂದು ತಲೆಯಾಡಿಸಿದರು. "ಬಿಸಿ ಆಗಿ ನಿಲ್ಲೂ ಗಾಡಿ ಮೊದ್ಲೇ ಹೇಳ್ತದೆ. ಎಳೆಯೂದಿಲ್ಲ, ದಮ್ಮು ಕಟ್ತದೆ. ಇದು ಹಾಂಗಲ್ಲ. ಡೀಸೆಲ್ ಕಟ್ ಆದ ಹಾಂಗೆ. ನಂಗೆ ಕೇಳಿದ್ರೆ, ಇದಕ್ಕೆ ಎಣ್ಣೆ ಸಾಲೂದಿಲ್ಲ."

ಎಣ್ಣೆ ಎಂದರೆ ಕರೆಂಟು. ನಾನು ಲ್ಯಾಪ್‌ಟಾಪನ್ನು ಮತ್ತೆ ಆನ್ ಮಾಡಿ, ಈ ಬಾರಿ ಪರದೆಯ ಮೂಲೆಯಲ್ಲಿರುವ ಬ್ಯಾಟರಿಯ ಗುರುತನ್ನು ಮಾತ್ರ ನೋಡುತ್ತ ಕುಳಿತೆ. ಚಾರ್ಜರ್ ಹಾಕಿಯೇ ಇತ್ತು. ಶೇಕಡಾ ಮೂವತ್ತೆಂಟು ಇದ್ದದ್ದು ಆಟ ಶುರುವಾದ ಮೇಲೆ ಮೂವತ್ತೈದಾಯಿತು. ಮೂವತ್ತೊಂದಾಯಿತು. ಚಾರ್ಜಿಗೆ ಹಾಕಿದ ಬ್ಯಾಟರಿ ಏರಬೇಕು, ಇದು ಇಳಿಯುತ್ತಿತ್ತು. ಘಟ್ಟ ಬಂತು, ಮಳೆ ಬಂತು, ಇಪ್ಪತ್ತಾರಕ್ಕೆ ಪರದೆ ಕಪ್ಪಾಯಿತು.

ಬಗ್ಗಿ ಚಾರ್ಜರನ್ನು ಕೈಗೆತ್ತಿಕೊಂಡೆ. ಹಗುರವಾಗಿತ್ತು. ಈ ಲ್ಯಾಪ್‌ಟಾಪಿಗೆ 180 ವ್ಯಾಟಿನ ಚಾರ್ಜರ್ ಬೇಕೆಂದು ಅದರ ಹಿಂಬದಿಯಲ್ಲೇ ಬರೆದಿತ್ತು. ಕೈಯಲ್ಲಿದ್ದದ್ದು 90 ವ್ಯಾಟಿನದು. ಪಿನ್ ಒಂದೇ ಅಳತೆಯದಾದ್ದರಿಂದ ಸರಿಯಾಗಿ ಕೂರುತ್ತದೆ, ಸಾಮಾನ್ಯ ಕೆಲಸಕ್ಕೆ ಸಾಕಾಗುತ್ತದೆ. ಕಾಡು, ಮಳೆ, ಮಂಜು ಎಲ್ಲವನ್ನೂ ಒಟ್ಟಿಗೆ ಚಿತ್ರಿಸಬೇಕಾದಾಗ ಗ್ರಾಫಿಕ್ಸ್ ಚಿಪ್ಪು ಹೆಚ್ಚು ಎಳೆಯುತ್ತದೆ. ಚಾರ್ಜರ್ ಕೊಡಲಾರದೆ ಉಳಿದದ್ದನ್ನು ಬ್ಯಾಟರಿ ತುಂಬಿಕೊಡಬೇಕು. ತಿಂಗಳುಗಟ್ಟಲೆ ಹೀಗೆ ದುಡಿದ ಬ್ಯಾಟರಿ ಸೋತು, ಭಾರ ಬಿದ್ದ ಕೂಡಲೇ ಕೈಬಿಡುತ್ತಿತ್ತು. ನನ್ನ ಮೇಜಿನ ಮೇಲೆ ಏನೂ ಆಗದಿದ್ದುದು ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಅಲ್ಲಿ ನಾನು ಹಾಕಿದ್ದು ನನ್ನ 180 ವ್ಯಾಟಿನ ಚಾರ್ಜರ್.

ಚಾರ್ಜರನ್ನು ತಿರುಗಿಸಿದೆ. ಕೆಳಗೆ ಒಂದು ಸಣ್ಣ ಬಿಳಿ ಚೀಟಿ. ಅದರಲ್ಲಿ ನೀಲಿ ಶಾಯಿಯಿಂದ ಬರೆದ ವಾರಂಟಿಯ ತಿಂಗಳು, ವರ್ಷ. ಕೈಬರಹ ನನ್ನದು.

"ಅದು ನಿಮ್ಮಲ್ಲೇ ಒಯ್ದದ್ದು," ಎಂದರು ಸಾವಿತ್ರಿ. "ಚೌತಿ ಹಿಂದಿನ ವಾರ. ಹಳೇದರ ವಾಯರ್ ಇಲಿ ಕಡಿದಿತ್ತು. ಪಿನ್ ತಂದು ತೋರ್ಸಿದ್ದೆ."

ಚೌತಿಯ ವಾರ ಅಂಗಡಿಯಲ್ಲಿ ಜನ ಹೇಗಿರುತ್ತಿತ್ತು ಎಂದು ನನಗೆ ಗೊತ್ತು. ತುಂಡು ವಾಯರಿನ ಪಿನ್ ನೋಡಿ, ಕಪಾಟಿನಿಂದ ಅದಕ್ಕೆ ಹೊಂದುವುದೊಂದನ್ನು ತೆಗೆದು ಕೊಟ್ಟಿರುತ್ತೇನೆ. ಯಾವ ಲ್ಯಾಪ್‌ಟಾಪ್ ಎಂದು ಕೇಳಿರಲಿಕ್ಕಿಲ್ಲ. ಅವರ ಮುಖವೂ ನನಗೆ ನೆನಪಿರಲಿಲ್ಲ.

ಒಂದು ಮಾತು ಬಾಯಿಯ ತುದಿಗೆ ಬಂದಿತ್ತು. 'ಚಾರ್ಜರ್ ಹಾಳಾಗಿದೆ, ವಾರಂಟಿ ಇದೆ, ಬದಲಿಸಿ ಕೊಡುತ್ತೇನೆ.' ಹಾಗೆಂದಿದ್ದರೆ ಅವರು ನನ್ನ ಉಪಕಾರ ಸ್ಮರಿಸುತ್ತಿದ್ದರು. ಕೆಡದ ಚಾರ್ಜರ್ ಕೆಟ್ಟಿದೆ ಎಂದು ಹೇಳಿ ನಾನು ಒಳ್ಳೆಯವನಾಗಿ ಬಸ್ಸು ಹತ್ತುತ್ತಿದ್ದೆ. ಗಾಲಿಕುರ್ಚಿಯಲ್ಲಿ ಕುಳಿತ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದರು.

"ನಾಯ್ಕರೇ, ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ನಾನು ಕೊಟ್ಟ ಚಾರ್ಜರೇ ತಪ್ಪು. ಅರ್ಧ ಶಕ್ತಿಯದನ್ನು ಕೊಟ್ಟಿದ್ದೇನೆ. ನಿಮ್ಮ ಬ್ಯಾಟರಿಯನ್ನೂ ಅದೇ ಕೆಡಿಸಿತು," ಎಂದೆ.

ಸಾವಿತ್ರಿ ಗಂಡನ ಕಡೆ ನೋಡಿದರು. ಮಾದೇವ ನಾಯ್ಕರು ಗಡ್ಡ ಕೆರೆದುಕೊಂಡು ನಕ್ಕರು. ದೊಡ್ಡ ನಗು, ಲಾರಿಯ ಕ್ಯಾಬಿನ್ನಿಗೆ ಹೊಂದುವಂಥದ್ದು.

"ಲೋಡ್ ಎಷ್ಟು ಅಂತ ಕೇಳ್ದೇ ಗಾಡಿ ಕಳ್ಸಿದ್ರಿ, ಮಾರಾಯ್ರೇ!"

ಮರುದಿನ ಬೆಳಿಗ್ಗೆ ನನ್ನ ಮೇಜಿನ 180 ವ್ಯಾಟಿನ ಚಾರ್ಜರನ್ನೇ ಒಯ್ದು ಕೊಟ್ಟೆ. ಹೊಸ ಬ್ಯಾಟರಿ ಬರಲು ಎಂಟು ದಿನ ಹಿಡಿಯಿತು, ಅದನ್ನೂ ನಾನೇ ಹೋಗಿ ಕೂರಿಸಿದೆ. ಆ ದಿನ ಅವರು ಮೇಜಿನ ಪಕ್ಕಕ್ಕೆ ಒಂದು ಸ್ಟೂಲ್ ಎಳೆಸಿ, "ಕ್ಲೀನರ್ ಸೀಟಲ್ಲಿ ಕೂತ್ಕಳ್ಳಿ. ಘಟ್ಟ ದಾಟಿಸಿಯೇ ಬಿಡ್ತೆ," ಎಂದರು. ಕುಳಿತೆ. ಮಳೆ ಬಂತು, ಮಂಜು ಬಂತು, ಎದುರಿನ ದೀಪಗಳು ಬಂದು ಹೋದವು. ಗಾಡಿ ಎರಡನೆಯ ಗೇರಿನಲ್ಲಿ ಒಂದೇ ಸಮನೆ ಏರಿ ಆಚೆಯ ಬಯಲಿಗೆ ಇಳಿಯಿತು. ಒಳಗಿನಿಂದ ಸಾವಿತ್ರಿ "ಆತಾ?" ಎಂದು ಕೂಗಿದರು. "ಆತು!" ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದೆವು.

ರಿಪೇರಿಯವನು ವಸ್ತುವನ್ನು ಬಿಚ್ಚುವುದನ್ನು ಬೇಗ ಕಲಿಯುತ್ತಾನೆ, ಅದನ್ನು ಬಳಸುವವರನ್ನು ಕೇಳುವುದು ತಡವಾಗಿ ಬರುತ್ತದೆ. ನನಗಂತೂ ಅರವತ್ತರ ಹತ್ತಿರ ಬಂತು. ಮೊದಲ ದಿನವೇ ಆ ಚೀಲದೊಳಗೆ ಕೈಹಾಕಿದ್ದರೆ ಎರಡು ನಿಮಿಷದ ಕೆಲಸ. ಆಮೇಲೆ ಅಂಗಡಿ ಮುಚ್ಚುವವರೆಗೂ ಚಾರ್ಜರ್ ಬೇಕೆಂದು ಯಾರೇ ಬರಲಿ, ಎಷ್ಟೇ ಜನ ಕಾಯುತ್ತಿರಲಿ, ಸ್ಟೂಲ್ ತೋರಿಸಿ ಕೂರಿಸುತ್ತಿದ್ದೆ. "ಲ್ಯಾಪ್‌ಟಾಪ್ ಯಾರದು? ಅದರಲ್ಲಿ ಅವರು ಎಂತ ಮಾಡ್ತಾರೆ?" ಎಂದು ಕೇಳುತ್ತಿದ್ದೆ. ಒಂದು ಚಾರ್ಜರಿಗೆ ಇಷ್ಟೆಲ್ಲ ವಿಚಾರಣೆಯೇ ಎಂದು ಕೆಲವರು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ಅವರ ಉತ್ತರ ಪೂರ್ತಿ ಕೇಳಿದ ಮೇಲೆಯೇ ಕಪಾಟಿನ ಬಾಗಿಲು ತೆಗೆಯುತ್ತಿದ್ದೆ.