ಜಂಬಕ್ಕನ ಕಿವಿ ಮಿಷನ್ನಿನ ಡಬ್ಬಿ

ಕೋಗಳಿಯ ಆಶಾ ಕಾರ್ಯಕರ್ತೆ ಸುಮಂಗಲಾಗೆ ಆ ಬೇಸಿಗೆಯಲ್ಲಿ ಒಂದು ಫಾರಂ ಕೊಟ್ಟಿದ್ದರು. ಹಗರಿಬೊಮ್ಮನಹಳ್ಳಿಯ ಶಿಬಿರದಲ್ಲಿ ಕಿವಿ ಮಿಷನ್ ಪಡೆದ ಹನ್ನೊಂದು ಮಂದಿಯ ಮನೆಗೆ ಹೋಗಿ, ಬಳಸುತ್ತಿದ್ದಾರೋ ಇಲ್ಲವೋ ಬರೆದುಕೊಂಡು ಬರಬೇಕು. ಆರು ಮನೆ ತಿರುಗುವಷ್ಟರಲ್ಲಿ ಅವಳಿಗೆ ಅಳು ಬರುವುದೊಂದು ಬಾಕಿ. ಒಬ್ಬರು ಮಿಷನ್ನನ್ನು ಅಕ್ಕಿ ಡಬ್ಬಿಯಲ್ಲಿಟ್ಟಿದ್ದರು, ಇನ್ನೊಬ್ಬರು ದೇವರ ಮಾಡದಲ್ಲಿ. ಎಲ್ಲರದೂ ಒಂದೇ ಮಾತು: ಎಷ್ಟು ಚಾರ್ಜಿಗಿಟ್ಟರೂ ಮಧ್ಯಾಹ್ನಕ್ಕೆ ನಿಂತುಹೋಗುತ್ತದೆ.

ಅವರನ್ನು ಬೈಯುವಂತಿರಲಿಲ್ಲ. ಎರಡೂ ಕಿವಿಯ ಮಿಷನ್ನುಗಳನ್ನು ಮಲಗಿಸುವ ಚಾರ್ಜಿನ ಡಬ್ಬಿಗೆ ಇದ್ದ ವೈರು ಒಂದು ಗೇಣು. ಹಳ್ಳಿಯ ಮನೆಗಳಲ್ಲಿ ಸ್ವಿಚ್ ಬೋರ್ಡು ಇರುವುದು ತಲೆಯ ಮಟ್ಟಕ್ಕೆ. ಡಬ್ಬಿ ಗಾಳಿಯಲ್ಲಿ ಜೋತಾಡಿ, ಮುಚ್ಚಳ ಬಿಚ್ಚಿ, ಮಿಷನ್ನುಗಳು ನೆಲಕ್ಕೆ ಬೀಳುತ್ತಿದ್ದವು. ಒಳಗೆ ಮಿಷನ್ ಇರಲಿ, ಇಲ್ಲದಿರಲಿ, ಅದರ ಹಸಿರು ದೀಪ ಉರಿಯುತ್ತಲೇ ಇರುತ್ತಿತ್ತು. ಜೊತೆಗೆ ಬಂದ ಚೀಟಿಯಲ್ಲಿ ಏಳೆಂಟು ಭಾಷೆಗಳಿದ್ದವು, ಕನ್ನಡವೊಂದಿರಲಿಲ್ಲ. ಸುಮಂಗಲಾ ಅದರಲ್ಲಿದ್ದ ನಂಬರಿಗೆ ಎರಡು ಸಲ ಫೋನ್ ಮಾಡಿದ್ದಳು. ಒಂದು ಒತ್ತಿ, ನಾಲ್ಕು ಒತ್ತಿ ಎಂದು ಕುಣಿಸಿ, ಹಾಡು ಕೇಳಿಸಿ, ಕೊನೆಗೆ ತಾನೇ ಕಟ್ಟಾಗಿತ್ತು.

ಏಳನೆಯದು ಜಂಬಕ್ಕನ ಮನೆ. ಅಲ್ಲಿಗೆ ಹೋಗಲು ಅವಳಿಗೆ ಕಾಲೇ ಬರಲಿಲ್ಲ. ಹದಿನೈದು ವರ್ಷದ ಹಿಂದೆ ಬಂದ ಜ್ವರದಲ್ಲಿ ಕಿವಿ ಕಳೆದುಕೊಂಡಿದ್ದ ಜಂಬಕ್ಕ, ಅಂದಿನಿಂದ ಗಂಡ ಎರ್ರೆಪ್ಪನ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು, ಕುರಿಗಳ ನಡಿಗೆ ನೋಡಿಯೇ ಅವುಗಳ ಕಷ್ಟ ಅರಿಯುತ್ತಿದ್ದಳು. ಶಿಬಿರದಲ್ಲಿ ಮಿಷನ್ ಹಾಕಿದ ಕೂಡಲೇ ಸೂರಿನ ಕಡೆ ನೋಡಿ, "ಮ್ಯಾಲೆ ಯಾರೋ ಉಸಿರಾಡಾಕತ್ಯಾರ" ಎಂದಿದ್ದಳು. ಅದು ಫ್ಯಾನು. ಅಂಥ ಮುಖ ಮತ್ತೆ ಬಾಡಿರುವುದನ್ನು ಹೇಗೆ ನೋಡುವುದು?

ಆಗ ಸಂಜೆ ನಾಲ್ಕರ ಹೊತ್ತು. ಅಂಗಳದಲ್ಲಿ ಜಂಬಕ್ಕ ಬಾಗಿಲಿಗೆ ಬೆನ್ನು ಹಾಕಿ ಉಣ್ಣೆ ನೂಲುತ್ತಿದ್ದಳು. ಸುಮಂಗಲಾ ಎಂದಿನಂತೆ ಗಂಟಲು ಹರಿಯುವಂತೆ ಕೂಗಿದಳು.

"ದೊಡ್ಡವ್ವಾ!"

ಜಂಬಕ್ಕ ತಿರುಗಲೂ ಇಲ್ಲ. "ಅಷ್ಟ್ಯಾಕ ಒದರ್ತೀ ತಂಗಿ? ಕೇಳಸ್ತೈತಿ, ಬಾ" ಎಂದಳು.

ಸುಮಂಗಲಾ ನಿಂತಲ್ಲೇ ನಿಂತಳು. ಬೆಳಿಗ್ಗೆಯಿಂದ ಇಷ್ಟು ಹೊತ್ತಿನವರೆಗೆ ನಡೆದ ಒಂದು ಮಿಷನ್ನನ್ನೂ ಅವಳು ಕಂಡಿರಲಿಲ್ಲ. "ಇದು ಇನ್ನೂ ನಡದೈತೇನು? ಏನ್ ಮಾಡೀರಿ ಇದಕ್ಕ?"

ಜಂಬಕ್ಕ ಒಳಗೆ ಕರೆದೊಯ್ದಳು. ಸ್ವಿಚ್ ಬೋರ್ಡಿನ ಮಗ್ಗುಲಲ್ಲಿ ಒಂದು ಮೊಳೆ, ಮೊಳೆಗೆ ಉಣ್ಣೆಯಲ್ಲಿ ಹೆಣೆದ ಪುಟ್ಟ ಜೋಳಿಗೆ, ಅದರೊಳಗೆ ಡಬ್ಬಿ ಅಲುಗಾಡದೆ ಕುಳಿತಿತ್ತು. ಮುಚ್ಚಳ ತೆಗೆದು ತೋರಿಸಿದಳು. ಮುಚ್ಚಳದ ಒಳಮೈಗೆ ಹೆಬ್ಬೆರಳ ಉಗುರಿನಷ್ಟು ಅಗಲದ ಎರಡು ಉಣ್ಣೆಯ ಮೆತ್ತೆಗಳು. ಎಡಬಲದ ಗುರುತಿಗೆಂದು ಬಲಗಿವಿಯ ಮಿಷನ್ನಿಗೆ ಕೆಂಪು ದಾರ ಸುತ್ತಿತ್ತು.

"ಮರಿಗೆ ಜ್ವರ ಬಂದ್ರ ಕಿವಿ ಮುಟ್ಟಿ ನೋಡ್ತೀವಲ್ಲ, ಹಂಗ ನೋಡಿದೆ" ಎಂದಳು ಜಂಬಕ್ಕ. "ಡಬ್ಬಿಯಿಂದ ತಗದು ಗಲ್ಲಕ್ಕ ಇಟ್ಕಂಡ್ರ ಒಂದು ಬೆಚ್ಚಗ, ಒಂದು ತಣ್ಣಗ. ತಣ್ಣಗ ಇದ್ದದ್ದು ಮುಂಚೆ ಸಾಯ್ತಿತ್ತು. ದೀಪ ಸುಳ್ಳು ಹೇಳ್ತೈತಿ ಅಂತ ಆಗ ತಿಳೀತು. ಮುಚ್ಚಳ ಬೆರಳಿಂದ ಒತ್ತಿ ಹಿಡಕಂಡೆ, ಅದೂ ಬೆಚ್ಚಗಾತು. ಆದ್ರ ಎಷ್ಟೊತ್ತು ಒತ್ತಿ ಕುಂದ್ರಾದು? ಉಣ್ಣೆ ಇಟ್ಟೆ."

"ಎಷ್ಟು ದಿನ ನೋಡಿದ್ರಿ?"

"ಹತ್ತು ಹನ್ನೆರಡು ದಿನ. ಮೊದ್ಲು ಕಂಬಳಿ ಚೂರು ಇಟ್ಟೆ, ಬಿರುಸಾತು, ಮುಚ್ಚಳ ಮುಚ್ಚಲೇ ಇಲ್ಲ. ಕುರಿಮರಿ ಉಣ್ಣೆ ಆದ್ರ ಮೆತ್ತಗ ಒತ್ತತೈತಿ."

ಸುಮಂಗಲಾ ಪಿಯುಸಿ ಓದಿದವಳು. ಅದೇ ಡಬ್ಬಿಯನ್ನು ಹತ್ತಾರು ಸಲ ತಿರುಗಿಸಿ ನೋಡಿದ್ದಳು, ದೀಪವನ್ನು ನಂಬಿದ್ದಳು. ಸಹಿ ಹಾಕಲು ಬಾರದ ಈ ಹೆಂಗಸು ಗಲ್ಲವನ್ನು ನಂಬಿದ್ದಳು. ಉಳಿದವರ ಡಬ್ಬಿಗಳಿಗೂ ಹೀಗೇ ಮಾಡಿಕೊಡಲು ತನ್ನ ಜೊತೆ ಬರುವಿರಾ ಎಂದು ಸುಮಂಗಲಾ ಅವಳನ್ನು ಕೇಳಿದಳು.

ಮರುದಿನದಿಂದ ಇಬ್ಬರೂ ಮನೆಮನೆ ತಿರುಗಿದರು. ಮೊದಲು ಪಾಲಣ್ಣನ ಮನೆ. ಎಪ್ಪತ್ತು ದಾಟಿದ ಪಾಲಣ್ಣ ಒಂದು ಕಾಲಕ್ಕೆ ಭಜನೆಯಲ್ಲಿ ಮುಂದಾಳು. ಕಿವಿ ಹೋದ ಮೇಲೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. "ಆ ದರಿದ್ರ ನನ್ನ ಮುಂದ ತರಬ್ಯಾಡ" ಎಂದು ಗದರಿದ. ಜಂಬಕ್ಕ ಕಿವುಡಿಯಂತೆ ಸುಮ್ಮನೆ ಕುಳಿತು ಮೆತ್ತೆ ಅಂಟಿಸಿ, ಜೋಳಿಗೆ ಕಟ್ಟಿ ಬಂದಳು.

ಎರಡು ದಿನ ಬಿಟ್ಟು ಸಂಜೆ ಹೋದಾಗ ಪಾಲಣ್ಣ ಮಿಷನ್ ಹಾಕಿಕೊಂಡು ಮೆಲ್ಲಗೆ ಏನೋ ಗುನುಗುತ್ತಿದ್ದ. ಇವರನ್ನು ಕಂಡು ನಿಲ್ಲಿಸಿದ. ಕಣ್ಣು ತುಂಬಿತ್ತು.

"ಸುಮಂಗಲಾ, ನನ್ನ ದನಿ ಇಷ್ಟು ಮುದುಕಾಗೈತೇನು?" ಎಂದ. ಆಮೇಲೆ ತಾನೇ ನಕ್ಕು, "ಆಗ್ಲಿ ಬಿಡು, ನಂದಽ ಐತಲ್ಲ" ಎಂದು ಮತ್ತೆ ಶುರು ಮಾಡಿದ.

ಫಾರಮ್ಮಿನಲ್ಲಿ 'ಬಳಸದಿರಲು ಕಾರಣ' ಎಂಬ ಜಾಗವಿತ್ತು. ಸುಮಂಗಲಾ ಅಲ್ಲಿ, 'ಮುಚ್ಚಳ ಒತ್ತುವುದಿಲ್ಲ. ವೈರು ಗಿಡ್ಡ. ದೀಪ ಸುಳ್ಳು' ಎಂದು ಬರೆದು, ಒಂದು ಉಣ್ಣೆಯ ಮೆತ್ತೆಯನ್ನು ಪಿನ್ನು ಹಾಕಿ ಲಗತ್ತಿಸಿದಳು. ಅದನ್ನು ಕಂಡು ಯಾರಾದರೂ ನಗಬಹುದೆಂದುಕೊಂಡಿದ್ದಳು. ತಿಂಗಳ ಮೇಲೆ ಮಿಷನ್ ಒದಗಿಸಿದವರ ಕಡೆಯಿಂದ ಕ್ರಾಂತಿಕುಮಾರ್ ಎಂಬ ಇಂಜಿನಿಯರ್ ಬಂದ.

ಅವನು ಜಂಬಕ್ಕನ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಮೀಟರಿನ ತಂತಿ ಹಚ್ಚಿ ತಾನು ತಂದ ಡಬ್ಬಿಯನ್ನೂ ಅವಳದನ್ನೂ ಪರೀಕ್ಷಿಸಿದ. ಮೆತ್ತೆ ಇಲ್ಲದ ಡಬ್ಬಿಯಲ್ಲಿ ಕರೆಂಟು ಬಂದುಬಂದು ಕಡಿಯುತ್ತಿತ್ತು. ಮೆತ್ತೆ ಇದ್ದದ್ದರಲ್ಲಿ ಒಂದೇ ಸಮ. ಮೂರು ಸಲ ನೋಡಿದ. ಆಮೇಲೆ ಮೀಟರು ಕೆಳಗಿಟ್ಟು, "ನಾವು ಬ್ಯಾಟರಿ ಬದಲಿಸಿ ನೋಡಿದ್ವಿ, ಡಬ್ಬಿ ಒಳಗಿನ ಬೋರ್ಡ್ ಬದಲಿಸಿ ನೋಡಿದ್ವಿ. ಮುಚ್ಚಳದ ಕಡೆಗೆ ಯಾರೂ ನೋಡಲಿಲ್ಲ ರೀ ಅಮ್ಮ" ಎಂದ. ಅವನ ದನಿ ತಗ್ಗಿತ್ತು.

"ನೀವು ಇದನ್ನ ಹಾಕ್ಕಂಡು ಒಂದು ದಿನ ಇರ್ರಿ, ತಾನಾ ತಿಳೀತೈತಿ" ಎಂದಳು ಜಂಬಕ್ಕ. ಅದರಲ್ಲಿ ಕುಹಕವಿರಲಿಲ್ಲ, ದಾರಿ ಕೇಳಿದವರಿಗೆ ದಾರಿ ಹೇಳುವಂತೆ ಹೇಳಿದಳು. ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡ.

ಹೊಸ ಡಬ್ಬಿಗಳು ಇನ್ನೂ ಬಂದಿಲ್ಲ. ಬರುತ್ತವೆಂದು ಕ್ರಾಂತಿಕುಮಾರ್ ಫೋನಿನಲ್ಲಿ ಹೇಳುತ್ತಲೇ ಇದ್ದಾನೆ. ಅಷ್ಟರಲ್ಲಿ ಉಚ್ಚಂಗಿದುರ್ಗದಿಂದ ಒಬ್ಬ ಅಜ್ಜಿ, ಹಲವಾಗಲಿನಿಂದ ಒಬ್ಬ ಮೇಷ್ಟ್ರು ತಮ್ಮ ಡಬ್ಬಿ ಹಿಡಿದು ಬಸ್ಸು ಹತ್ತಿ ಬಂದುಹೋದರು. ಹೀಗೆ ಬಂದವರನ್ನು ಜಂಬಕ್ಕ ಕೂರಿಸಿ, ಮಿಷನ್ನನ್ನು ತನ್ನ ಗಲ್ಲಕ್ಕಿಟ್ಟು ಕಣ್ಣು ಮುಚ್ಚುತ್ತಾಳೆ. ಸುಮಂಗಲಾ ಎಷ್ಟು ಸಲ ನೋಡಿದರೂ, ಆ ಗಳಿಗೆಯಲ್ಲಿ ಬೆಚ್ಚಗೋ ತಣ್ಣಗೋ ಎಂದು ಅವಳ ತುಟಿಯನ್ನೇ ನೋಡುತ್ತಾ ನಿಲ್ಲುತ್ತಾಳೆ.